ತೂಕ ಇಳಿಸೋಕೆ ಊಟ ಎಷ್ಟು, ವ್ಯಾಯಾಮ ಎಷ್ಟು? ಪದೇ ಪದೇ ಕೇಳುವ ಪ್ರಶ್ನೆಗಳು

ಡಯಟ್ ಕೇಳೋಕೆ ಅಂತ ನನ್ನ ಹತ್ರ ಬರೋರು, ಮೆಸೇಜ್ ಹಾಕೋರು, ವಾಕಿಂಗಲ್ಲಿ ಸಿಕ್ಕಿ ಮಾತಾಡ್ಸೋರು ಎಲ್ಲಾ ಹೆಚ್ಚುಕಮ್ಮಿ ಇದೇ ಪ್ರಶ್ನೆಗಳನ್ನ ಕೇಳ್ತಾರೆ. ಅವರು ಕೇಳಿದ ಧಾಟೀಲೇ ಇಲ್ಲಿ ಹಾಕಿದೀನಿ. ಶುಗರ್, ಕಿಡ್ನಿ, ಹಾರ್ಟ್ ತೊಂದ್ರೆ ಇರೋರು, ಬಸುರಿಯರು, ಹಾಲೂಡಿಸೋ ತಾಯಂದಿರು ಇಲ್ಲಿರೋ ಲೆಕ್ಕಾನ ಹಂಗೇ ತಗೋಬೇಡಿ, ಮೊದಲು ನಿಮ್ಮ ಡಾಕ್ಟರ್ ಹತ್ರ ಮಾತಾಡಿ.

## ಶುರು ಮಾಡೋರು ಕೇಳೋದು

ಊಟ ಕಮ್ಮಿ ಮಾಡ್ಬೇಕಾ, ವಾಕಿಂಗ್ ಜಾಸ್ತಿ ಮಾಡ್ಬೇಕಾ? ಎರಡರಲ್ಲಿ ಒಂದು ಹೇಳಿ ಸಾಕು

ಒಂದೇ ಹೇಳ್ಬೇಕು ಅಂದ್ರೆ ಊಟ. 70 ಕೆಜಿ ಇರೋರು ಮುಕ್ಕಾಲು ಗಂಟೆ ಬಿರುಸಾಗಿ ನಡೆದ್ರೆ ಸುಮ್ನೆ ಕೂತಿದ್ದಕ್ಕಿಂತ ಸುಮಾರು 150 ಕ್ಯಾಲೊರಿ ಹೆಚ್ಚಿಗೆ ಖರ್ಚಾಗತ್ತೆ, ಒಂದು ಉದ್ದಿನ ವಡೇಲಿ ಹೆಚ್ಚುಕಮ್ಮಿ ಅಷ್ಟೇ ಇರತ್ತೆ, ಅದನ್ನ ತಿನ್ನೋಕೆ ಎರಡು ನಿಮಿಷ ಸಾಕು. ಹಂಗಾಗಿ ತೂಕ ಇಳಿಯೋದು ಮುಖ್ಯವಾಗಿ ಅಡುಗೆಮನೇಲೇ ತೀರ್ಮಾನ ಆಗತ್ತೆ. ಆದ್ರೆ ವ್ಯಾಯಾಮಕ್ಕೆ ಬೇರೆ ಕೆಲಸ ಇದೆ, ಊಟದಿಂದ ಆ ಕೆಲಸ ಆಗಲ್ಲ. ಇಳಿಯೋ ತೂಕದಲ್ಲಿ ಸ್ನಾಯು ಕಮ್ಮಿ ಹೋಗಿ ಕೊಬ್ಬು ಜಾಸ್ತಿ ಹೋಗೋ ಹಾಗೆ ಮಾಡೋದು, ಶುಗರ್ ಹಿಡಿತದಲ್ಲಿಡೋದು, ಇಳಿದ ತೂಕ ವಾಪಸ್ ಬರದ ಹಾಗೆ ನೋಡ್ಕೊಳ್ಳೋದು, ಇವೆಲ್ಲ ವ್ಯಾಯಾಮದ ಪಾಲು. ಊಟ ಮಾತ್ರ ಕಮ್ಮಿ ಮಾಡಿ ಇಳಿಸಿದೋರು ಆರು ತಿಂಗಳಾದ ಮೇಲೆ ಸುಸ್ತು ಅಂತ ಬರ್ತಾರೆ, ವಾಕಿಂಗ್ ಮಾತ್ರ ಮಾಡಿದೋರು ತೂಕ ಇಳಿದಿಲ್ಲ ಅಂತ ಬರ್ತಾರೆ.

ನನಗೆ ದಿನಕ್ಕೆ ಎಷ್ಟು ಕ್ಯಾಲೊರಿ ಬೇಕು ಅಂತ ಹೆಂಗ್ ಗೊತ್ತಾಗತ್ತೆ?

ಒಂದು ಸರಳ ಸೂತ್ರ ಇದೆ, 1990ರಲ್ಲಿ ಬಂದಿದ್ದು, ಮಿಫ್ಲಿನ್ ಸೇಂಟ್ ಜೋರ್ ಅಂತಾರೆ. ತೂಕವನ್ನ 10ರಿಂದ ಗುಣಿಸಿ, ಸೆಂಟಿಮೀಟರಲ್ಲಿ ಎತ್ತರವನ್ನ 6.25ರಿಂದ ಗುಣಿಸಿ, ಎರಡನ್ನೂ ಕೂಡಿ. ಅದರಿಂದ ವಯಸ್ಸಿನ ಐದು ಪಟ್ಟು ಕಳೀರಿ. ಹೆಂಗಸರು ಇನ್ನೂ 161 ಕಳೀಬೇಕು, ಗಂಡಸರು 5 ಕೂಡಬೇಕು. ಇದು ಸುಮ್ನೆ ಮಲಗಿದ್ರೂ ದೇಹ ಖರ್ಚು ಮಾಡೋದು.

38 ವರ್ಷ, 72 ಕೆಜಿ, 158 ಸೆಂಟಿಮೀಟರ್ ಇರೋ ಹೆಂಗಸು ಅಂದ್ಕೊಳ್ಳಿ. 720, 988 ಕೂಡಿ, 190 ಮತ್ತೆ 161 ಕಳೆದ್ರೆ ಸುಮಾರು 1360 ಬರತ್ತೆ. ಕೂತು ಮಾಡೋ ಕೆಲಸ, ಜೊತೆಗೆ ಮನೆಗೆಲಸ ಅಂದ್ರೆ ದಿನದ ಒಟ್ಟು ಖರ್ಚು 1800 ಆಸುಪಾಸು. ಇವರು ಊಟದಲ್ಲಿ 250 ಕಮ್ಮಿ ಮಾಡಿ, ವಾಕಿಂಗಲ್ಲಿ 150 ಖರ್ಚು ಮಾಡಿದ್ರೆ ದಿನಕ್ಕೆ 400 ಕೊರತೆ ಬೀಳತ್ತೆ. ಒಂದು ಕೆಜಿ ಕೊಬ್ಬಲ್ಲಿ ಸುಮಾರು 7700 ಕ್ಯಾಲೊರಿ, ಹಂಗಾಗಿ ತಿಂಗಳಿಗೆ ಒಂದೂವರೆ ಕೆಜಿ ಇಳಿಯತ್ತೆ. ಕೇಳೋಕೆ ಕಮ್ಮಿ ಅನ್ಸಬಹುದು, ವರ್ಷಗಟ್ಟಲೆ ಉಳಿಯೋದು ಇಂಥದ್ದೇ.

ಸೂತ್ರದ ಅಂಕಿ ಬರೀ ಅಂದಾಜು. ಮೂರು ವಾರ ಮಾಡಿ ನೋಡಿ, ತೂಕ ಅಲ್ಲೇ ನಿಂತಿದ್ರೆ ನಿಮ್ಮ ನಿಜವಾದ ಲೆಕ್ಕ ಅದಕ್ಕಿಂತ ಕಮ್ಮಿ ಇದೆ ಅಂತ ಅರ್ಥ.

ನಾನೇನು ದಪ್ಪ ಇಲ್ಲ, ಹೊಟ್ಟೆ ಮಾತ್ರ ಬಂದಿದೆ, ನನಗೂ ಇದೆಲ್ಲ ಬೇಕಾ?

ಬೇಕು. ಕೈಕಾಲು ಸಣ್ಣ, ಹೊಟ್ಟೆ ದೊಡ್ಡದು, ಇದು ನಮ್ಮ ದೇಶದಲ್ಲಿ ಬಹಳ ಸಾಮಾನ್ಯವಾದ ಮೈಕಟ್ಟು. ಅದಕ್ಕೇ ನಮ್ಮಲ್ಲಿ ಬಿಎಂಐ (ಕೆಜಿ ತೂಕವನ್ನ ಮೀಟರಲ್ಲಿರೋ ಎತ್ತರದಿಂದ ಎರಡು ಸಲ ಭಾಗಿಸಿದ್ರೆ ಬರೋ ಅಂಕಿ) 23 ದಾಟಿದ್ರೆ ಹೆಚ್ಚು ತೂಕ, 25 ದಾಟಿದ್ರೆ ಬೊಜ್ಜು ಅಂತ ಲೆಕ್ಕ, ಬೇರೆ ಕಡೆ ಇದು 25 ಮತ್ತೆ 30. ಟೇಪ್ ತಗೊಂಡು ಸೊಂಟದ ಸುತ್ತಳತೆ ನೋಡಿ, ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ದಾಟಬಾರದು. ಪ್ಯಾಂಟ್ ಸೈಜ್ ನಂಬ್ಕೋಬೇಡಿ, ಹೊಟ್ಟೆ ಕೆಳಗೆ ಕಟ್ಟಿದ್ರೆ ಸೈಜ್ ಎಷ್ಟು ವರ್ಷ ಆದ್ರೂ ಬದಲಾಗಲ್ಲ.

ಮೊದಲ ವಾರ ಎರಡು ಕೆಜಿ ಇಳೀತು, ಆಮೇಲೆ ಇಳೀತಾನೇ ಇಲ್ಲ, ಯಾಕೆ?

ಮೊದಲ ವಾರ ಹೋಗಿದ್ದರಲ್ಲಿ ಬಹುಪಾಲು ನೀರು. ಅನ್ನ, ಸಕ್ಕರೆ ಕಮ್ಮಿ ಆದಾಗ ಲಿವರ್, ಸ್ನಾಯುಗಳಲ್ಲಿ ಕೂಡಿಟ್ಟಿರೋ ಗ್ಲೈಕೋಜನ್ ಅನ್ನೋ ಸಕ್ಕರೆ ದಾಸ್ತಾನು ಖಾಲಿ ಆಗತ್ತೆ, ಅದರ ಒಂದೊಂದು ಗ್ರಾಮಿನ ಜೊತೆ ಸುಮಾರು ಮೂರು ಗ್ರಾಂ ನೀರೂ ಹೋಗತ್ತೆ. ಆಮೇಲೆ ಶುರುವಾಗೋದೇ ನಿಜವಾದ ಇಳಿತ, ಅದು ನಿಧಾನ. ದಿನಾ ತೂಕ ನೋಡಿ ತಲೆ ಕೆಡಿಸ್ಕೋಬೇಡಿ, ವಾರದ ಸರಾಸರಿ ನೋಡಿ. ಹೆಂಗಸರಿಗೆ ಮುಟ್ಟಿನ ದಿನಗಳ ಆಸುಪಾಸು ಒಂದೆರಡು ಕೆಜಿ ಏರಿಳಿತ ಆಗೋದು ಮಾಮೂಲು, ಹಂಗಾಗಿ ಹೋದ ತಿಂಗಳ ಇದೇ ವಾರಕ್ಕೆ ಹೋಲಿಸಿ.

## ಅಡುಗೆಮನೆ ಪ್ರಶ್ನೆಗಳು

ಅನ್ನ ಬಿಟ್ಟು ಮುದ್ದೆ ತಿಂದ್ರೆ ಸಣ್ಣ ಆಗ್ತಾರಂತೆ, ನಿಜನಾ?

ಎಷ್ಟು ತಿಂತೀರಿ ಅನ್ನೋದರ ಮೇಲಿದೆ. 100 ಗ್ರಾಂ ರಾಗಿಹಿಟ್ಟಲ್ಲಿ ಸುಮಾರು 320 ಕ್ಯಾಲೊರಿ, 100 ಗ್ರಾಂ ಅಕ್ಕೀಲಿ ಸುಮಾರು 355, ಜೋಳ ಇವೆರಡರ ಮಧ್ಯೆ ಬರತ್ತೆ. ಅಂದ್ರೆ ಕ್ಯಾಲೊರಿ ಲೆಕ್ಕದಲ್ಲಿ ಅಂಥಾ ದೊಡ್ಡ ವ್ಯತ್ಯಾಸ ಏನಿಲ್ಲ. 80 ಗ್ರಾಂ ಹಿಟ್ಟಿನ ಮುದ್ದೆ 250 ಆದ್ರೆ, ಊರ ಕಡೆ ಕಟ್ಟೋ 150 ಗ್ರಾಂ ಹಿಟ್ಟಿನ ಮುದ್ದೆ 480. ಹೊಲದಲ್ಲಿ ದಿನವಿಡೀ ಗೇಯ್ದೋರಿಗೆ ಅದು ಸರಿ, ಆಫೀಸಲ್ಲಿ ಕೂತೋರಿಗೆ ಜಾಸ್ತಿ ಆಗತ್ತೆ.

ಆದ್ರೂ ನಾನು ರಾಗಿ ಪರವೇ. ನಾರು ಜಾಸ್ತಿ, 100 ಗ್ರಾಮಿಗೆ 350 ಮಿಲಿಗ್ರಾಮಿಗೂ ಹೆಚ್ಚು ಕ್ಯಾಲ್ಸಿಯಂ, ಹೊಟ್ಟೆ ತುಂಬಿದ ಹಾಗೆ ಬಹಳ ಹೊತ್ತು ಇರತ್ತೆ. ಸಣ್ಣ ಮುದ್ದೆ ಕಟ್ಟಿ, ಸೊಪ್ಪು ಕಾಳಿನ ಸಾರು ಗಟ್ಟಿಯಾಗಿ ಹಾಕ್ಕೊಳ್ಳಿ, ಮುದ್ದೆ ಆದ್ಮೇಲೆ ಇನ್ನೊಂದು ತಟ್ಟೆ ಅನ್ನ ಬೇಡ. ಮುದ್ದೆಗೆ ಬದಲಾಯ್ಸಿದೀನಿ ಅನ್ನೋ ಮನೆಗಳಲ್ಲಿ ಮುದ್ದೆನೂ ಇರತ್ತೆ ಅನ್ನಾನೂ ಇರತ್ತೆ, ಅಲ್ಲೇ ಲೆಕ್ಕ ತಪ್ಪೋದು.

ನಾನು ತಿನ್ನೋದೇ ಕಮ್ಮಿ, ಎರಡು ಹೊತ್ತು ಊಟ ಅಷ್ಟೇ, ಆದ್ರೂ ತೂಕ ಇಳಿಯಲ್ಲ ಯಾಕೆ?

ಈ ಪ್ರಶ್ನೆ ಕೇಳೋರು ಸುಳ್ಳು ಹೇಳ್ತಿರಲ್ಲ, ಇದನ್ನ ಮೊದಲು ಹೇಳ್ಬಿಡ್ತೀನಿ, ಯಾಕಂದ್ರೆ ಮನೆಯೋರು ಅವರನ್ನ ಕದ್ದು ತಿಂತೀಯ ಅಂತ ಆಡ್ಕೊಂಡು ನೋಯ್ಸಿರ್ತಾರೆ. ತಿಂದಿದ್ದನ್ನ ನೆನಪಲ್ಲಿ ಲೆಕ್ಕ ಹಾಕೋದು ಯಾರಿಗೂ ಸರಿಯಾಗಿ ಬರಲ್ಲ. ಅಮೆರಿಕದಲ್ಲಿ 1992ರಲ್ಲಿ ಬಂದ ಒಂದು ಅಧ್ಯಯನದಲ್ಲಿ, ಎಷ್ಟು ಡಯಟ್ ಮಾಡಿದ್ರೂ ಇಳಿಯಲ್ಲ ಅನ್ನೋರನ್ನೇ ಕರೆಸಿ ಅಳೆದು ನೋಡಿದ್ರು. ಅವರ ದೇಹ ಖರ್ಚು ಮಾಡೋದು ಸರಿಯಾಗೇ ಇತ್ತು, ಆದ್ರೆ ತಿಂದಿದ್ದನ್ನ ಸರಾಸರಿ 47 ಪರ್ಸೆಂಟ್ ಕಮ್ಮಿ ಹೇಳಿದ್ರು, ಮಾಡಿದ ವ್ಯಾಯಾಮಾನ 51 ಪರ್ಸೆಂಟ್ ಜಾಸ್ತಿ ಹೇಳಿದ್ರು. ಬೇಕು ಅಂತ ಹೇಳಿದ್ದಲ್ಲ, ಅವರಿಗೂ ಗೊತ್ತಿರ್ಲಿಲ್ಲ.

ನಮ್ಮ ಮನೆಗಳಲ್ಲಿ ಲೆಕ್ಕಕ್ಕೆ ಸಿಗದೇ ಹೋಗೋದು ಮುಖ್ಯವಾಗಿ ಎಣ್ಣೆ. ಚಿತ್ರಾನ್ನಕ್ಕೆ ಒಗ್ಗರಣೆ ಹಾಕೋವಾಗ ಗಮನಿಸಿ, ಕ್ಯಾನಿಂದ ನೇರ ಬಾಣಲೆಗೆ ಬಗ್ಗಿಸ್ತೀವಿ, ಸಾಸಿವೆ ಸಿಡಿಯೋಕೆ ಎರಡು ಟೀ ಚಮಚ ಸಾಕು, ಬಿದ್ದಿರೋದು ಏಳೋ ಎಂಟೋ. ಒಂದೊಂದು ಟೀ ಚಮಚಕ್ಕೆ 45 ಕ್ಯಾಲೊರಿ. ಅದಕ್ಕೆ ನಾನು ಎಲ್ರಿಗೂ ಹೇಳೋದು ಒಂದೇ, ಹೊಸ ಪ್ಯಾಕೆಟ್ ಒಡೆದ ದಿನ ಅದರ ಮೇಲೆ ಪೆನ್ನಲ್ಲಿ ತಾರೀಕು ಬರೀರಿ, ಖಾಲಿ ಆದ ದಿನಾನೂ ಬರೀರಿ. ನಾಲ್ಕು ಜನರ ಮನೇಲಿ ತಿಂಗಳಿಗೆ ಆರು ಲೀಟರ್ ಆದ್ರೆ ತಲೆಗೆ ದಿನಕ್ಕೆ 45 ಗ್ರಾಂ, ಅಂದ್ರೆ 400 ಕ್ಯಾಲೊರಿ ಬರೀ ಎಣ್ಣೆಯಿಂದ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2000 ಕ್ಯಾಲೊರಿಯ ಊಟಕ್ಕೆ ಹೇಳಿರೋದು 27 ಗ್ರಾಂ, ಅದರಲ್ಲಿ ತುಪ್ಪಾನೂ ಸೇರ್ತು. ಆರರಿಂದ ನಾಲ್ಕು ಲೀಟರಿಗೆ ಇಳಿಸಿದ್ರೆ ಮನೆಯ ಪ್ರತಿಯೊಬ್ಬರಿಗೂ ದಿನಕ್ಕೆ ಸುಮಾರು 140 ಕ್ಯಾಲೊರಿ ಉಳೀತು, ಮುಕ್ಕಾಲು ಗಂಟೆ ವಾಕಿಂಗಿಗೆ ಸಮ, ರುಚಿಯಲ್ಲಿ ಹೇಳ್ಕೊಳೋ ವ್ಯತ್ಯಾಸ ಇರಲ್ಲ.

ಆಮೇಲೆ ಕಾಫಿ. 100 ಎಂಎಲ್ ಟೋನ್ಡ್ ಹಾಲಿಗೆ 60, ಎರಡು ಚಮಚ ಸಕ್ಕರೆಗೆ 40, ಒಂದು ಲೋಟಕ್ಕೆ 100 ಆಯ್ತು. ಬೆಳಗ್ಗೆ ಎರಡು, ಸಂಜೆ ಎರಡು ಕುಡಿದ್ರೆ 400, ಇದನ್ನ ಊಟ ಅಂತ ಯಾರೂ ಲೆಕ್ಕ ಹಾಕಲ್ಲ. ಮಕ್ಕಳು ತಟ್ಟೇಲಿ ಬಿಟ್ಟಿದ್ದನ್ನ ದಂಡ ಆಗ್ಬಾರ್ದು ಅಂತ ಅಮ್ಮಂದಿರು ತಿನ್ನೋದು, ಅಡುಗೆ ಮಾಡ್ತಾ ಕಡ್ಲೆಬೀಜ ಬಾಯಿಗೆ ಹಾಕ್ಕೊಳ್ಳೋದು, ಸಾರಿಗೆ ರುಬ್ಬೋ ಅರ್ಧ ಹೋಳು ಕಾಯಿ, ಇವೂ ಸೇರ್ತವೆ. ಒಂದು ವಾರ ಬರೆದಿಡಿ, ತಿಂದ ಕೂಡ್ಲೇ ಬರೀರಿ, ರಾತ್ರಿ ಕೂತು ನೆನಪು ಮಾಡ್ಕೊಂಡು ಬೇಡ.

ಮನೇಗೆಲ್ಲ ಒಂದೇ ಅಡುಗೆ, ನನಗೊಬ್ಬಳಿಗೇ ಬೇರೆ ಮಾಡ್ಕೊಳಕ್ಕಾಗಲ್ಲ, ಏನ್ ಮಾಡ್ಲಿ?

ಬೇರೆ ಮಾಡ್ಕೋಬೇಡಿ, ಹಂಗೆ ಮಾಡಿದೋರು ಹದಿನೈದು ದಿನಕ್ಕೆ ಬಿಟ್ಬಿಡ್ತಾರೆ. ಅದೇ ಅಡುಗೆ, ಬಡಿಸ್ಕೊಳ್ಳೋ ಕ್ರಮ ಬದಲಾಯ್ಸಿ. ಮೊದಲು ಪಲ್ಯ, ಕೋಸಂಬರಿ ಅರ್ಧ ತಟ್ಟೆ. ಆಮೇಲೆ ಕಾಳು ಅಥವಾ ಬೇಳೆ ಅಥವಾ ಮೊಟ್ಟೆ ಮೀನು ಕಾಲು ತಟ್ಟೆ. ಉಳಿದ ಕಾಲು ಭಾಗಕ್ಕೆ ಅನ್ನವೋ ಚಪಾತಿಯೋ. ಬೆಳಗ್ಗೆ ಉಪ್ಪಿಟ್ಟು ಮಾಡಿದ್ರೆ ರವೆಯಷ್ಟೇ ತರಕಾರಿ ಇರ್ಲಿ, ಪುಳಿಯೋಗರೆ ದಿನ ಜೊತೆಗೆ ಒಂದು ಬಟ್ಟಲು ಮೊಸರು ಸೌತೆಕಾಯಿ ಇರ್ಲಿ. ಹೆಂಗಸರು ಕೊನೇಲಿ ಕೂತು ಉಳಿದ ಅನ್ನಕ್ಕೆ ಉಳಿದ ತಿಳಿಸಾರು ಹಾಕ್ಕೊಂಡು ಮುಗಿಸೋ ಅಭ್ಯಾಸ ನಿಲ್ಬೇಕು. ಎಲ್ರ ಜೊತೆ ಕೂತ್ಕೊಳ್ಳಿ, ಪಲ್ಯ ಖಾಲಿ ಆಗೋಕೆ ಮುಂಚೆ.

ನಾವು ವೆಜ್, ಪ್ರೋಟೀನ್ ಎಲ್ಲಿಂದ ತರೋದು? ಪೌಡರ್ ಬೇಕೇ ಬೇಕಾ?

ಪೌಡರ್ ಇಲ್ದೇನೂ ಆಗತ್ತೆ, ಆದ್ರೆ ಪ್ಲ್ಯಾನ್ ಬೇಕು. ಸಾಮಾನ್ಯವಾಗಿ ಕೆಜಿ ತೂಕಕ್ಕೆ 0.83 ಗ್ರಾಂ ಸಾಕು ಅಂತಾರೆ, ತೂಕ ಇಳಿಸೋವಾಗ ಸ್ನಾಯು ಉಳಿಸ್ಕೊಳ್ಳೋಕೆ 1.2ರ ಹತ್ರ ಇದ್ರೆ ಒಳ್ಳೇದು. ಹುರುಳಿ, ತೊಗರಿಯಂಥ ಕಾಳು ಬೇಳೆ 100 ಗ್ರಾಮಿಗೆ 22 ಗ್ರಾಂ ಆಸುಪಾಸು, ಸೋಯಾ ಚಂಕ್ಸ್ 50ರ ಮೇಲೆ, ಪನೀರ್ 18ರಷ್ಟು ಕೊಡತ್ತೆ. ಮೊಟ್ಟೆ ತಿನ್ನೋರಿಗೆ ಒಂದಕ್ಕೆ 6. ತಿಳಿಸಾರಲ್ಲಿ ಪ್ರೋಟೀನ್ ಹುಡುಕಬೇಡಿ, ಅಲ್ಲಿರೋದು ಹುಣಸೆಹುಳಿ, ಸಾರಿನ ಪುಡಿ, ನೀರು. ಬಸ್ಸಾರು ಮಾಡಿದ ದಿನ ಕಟ್ಟು ಸಾರಿಗೆ ಹೋಗತ್ತೆ, ಕಾಳು ಸೊಪ್ಪಿನ ಪಲ್ಯ ತಟ್ಟೆ ಅಂಚಲ್ಲಿ ಎರಡು ಚಮಚ ಇರತ್ತೆ, ಆ ಪಲ್ಯಾನೇ ಒಂದು ದೊಡ್ಡ ಬಟ್ಟಲು ತಿನ್ನಿ.

ಏಕಾದಶಿ, ಸೋಮವಾರ ಉಪವಾಸ ಮಾಡ್ತೀನಿ, ಅದರಿಂದ ತೂಕ ಇಳಿಯತ್ತಾ?

ಉಪವಾಸ ನಿಮ್ಮ ನಂಬಿಕೆ, ಅದನ್ನ ತೂಕದ ಲೆಕ್ಕಕ್ಕೆ ತರ್ಬೇಕು ಅಂತಿಲ್ಲ. ತರೋದಾದ್ರೆ ಆ ದಿನ ಏನು ತಿಂದ್ರಿ ನೋಡಿ. ಒಣ ಸಬ್ಬಕ್ಕಿ 100 ಗ್ರಾಮಿಗೆ ಸುಮಾರು 350 ಕ್ಯಾಲೊರಿ, ಬಹುತೇಕ ಬರೀ ಪಿಷ್ಟ, ಅದಕ್ಕೆ ಕಡ್ಲೆಬೀಜ ಎಣ್ಣೆ ಸೇರಿದ್ರೆ ಮಾಮೂಲಿ ದಿನಕ್ಕಿಂತ ಜಾಸ್ತಿ ಆಗೋದುಂಟು. ಈಗಿನ ಹದಿನಾರು ಗಂಟೆ ಉಪವಾಸಾನೂ ಅಷ್ಟೇ, ದಿನದ ಒಟ್ಟು ಕ್ಯಾಲೊರಿ ಕಮ್ಮಿ ಆದ್ರೆ ಇಳಿಯತ್ತೆ, ಇಲ್ಲಾಂದ್ರೆ ಇಲ್ಲ. ಶುಗರ್ ಮಾತ್ರೆ ಅಥವಾ ಇನ್ಸುಲಿನ್ ತಗೊಳ್ಳೋರು ಡಾಕ್ಟರಿಗೆ ಹೇಳ್ದೆ ಉಪವಾಸ ಮಾಡ್ಲೇಬೇಡಿ.

## ವ್ಯಾಯಾಮದ ಪ್ರಶ್ನೆಗಳು

ವಾಚಲ್ಲಿ 400 ಕ್ಯಾಲೊರಿ ಬರ್ನ್ ಅಂತ ತೋರ್ಸ್ತು, ಈಗ ಒಂದು ಮಸಾಲೆ ದೋಸೆ ತಿನ್ನಬಹುದಲ್ವಾ?

ದೋಸೆ ತಿನ್ನಿ, ಆದ್ರೆ ವಾಚ್ ನಂಬ್ಕೊಂಡು ಅಲ್ಲ. 2017ರಲ್ಲಿ ಸ್ಟ್ಯಾನ್‌ಫರ್ಡ್ ಯೂನಿವರ್ಸಿಟಿಯೋರು ಏಳು ಥರದ ವಾಚ್ ಬ್ಯಾಂಡ್‌ಗಳನ್ನ ಪರೀಕ್ಷೆ ಮಾಡಿದ್ರು, ಎದೆಬಡಿತ ಬಹುತೇಕ ಸರಿಯಾಗೇ ತೋರ್ಸಿದ್ವು, ಕ್ಯಾಲೊರಿ ಮಾತ್ರ ಇದ್ದುದರಲ್ಲಿ ಚೆನ್ನಾಗಿರೋದೇ 27 ಪರ್ಸೆಂಟ್ ತಪ್ಪಿತ್ತು, ಕೊನೇದು 93 ಪರ್ಸೆಂಟ್. ಅದೂ ಅಲ್ದೆ ವಾಚಿನ ಅಂಕೀಲಿ ನೀವು ಸುಮ್ನೆ ಕೂತಿದ್ರೂ ಖರ್ಚಾಗ್ತಿದ್ದಿದ್ದೂ ಎಷ್ಟೋ ಸಲ ಸೇರಿರತ್ತೆ. ಲಾಲ್‌ಬಾಗಲ್ಲಿ ಒಂದು ಗಂಟೆ ಸುತ್ತಿ, ಹೊರಗೆ ಬಂದು ಗೆಳೆಯರ ಜೊತೆ ಖಾಲಿ ದೋಸೆ, ಕೇಸರಿಬಾತ್, ಕಾಫಿ ಮುಗಿಸಿದ್ರೆ ನಡೆದು ಖರ್ಚು ಮಾಡಿದ್ದರ ಎರಡು ಮೂರು ಪಟ್ಟು ವಾಪಸ್ ಬಂತು. ವಾಕಿಂಗಿನ ಕ್ಯಾಲೊರಿಯನ್ನ ತಿಂದು ತೀರಿಸಬೇಡಿ, ಅದು ಕೊರತೆ ಲೆಕ್ಕದಲ್ಲೇ ಇರ್ಲಿ. ದೋಸೆ ತಿನ್ನೋ ದಿನ ಅದನ್ನೇ ತಿಂಡಿಯಾಗಿ ತಿನ್ನಿ, ಮನೇಗೆ ಬಂದು ಇನ್ನೊಂದು ತಿಂಡಿ ಬೇಡ.

ದಿನಕ್ಕೆ ಹತ್ತು ಸಾವಿರ ಹೆಜ್ಜೆ ಆಗ್ಲೇಬೇಕಾ?

ಆಗ್ಲೇಬೇಕು ಅಂತೇನಿಲ್ಲ. ಆ ಅಂಕಿ ಬಂದಿದ್ದು 1960ರ ದಶಕದಲ್ಲಿ ಜಪಾನಲ್ಲಿ ಹೆಜ್ಜೆ ಎಣಿಸೋ ಯಂತ್ರ ಮಾರೋಕೆ. 2019ರಲ್ಲಿ ಅಮೆರಿಕದ ವಯಸ್ಸಾದ ಹೆಂಗಸರ ಮೇಲೆ ಮಾಡಿದ ಅಧ್ಯಯನದಲ್ಲಿ, ಬೇಗ ಸಾಯೋ ಅಪಾಯ ಹೆಜ್ಜೆ ಹೆಚ್ಚಾದಂತೆ ಇಳೀತಾ ಹೋಗಿ 7500ರ ಹತ್ರ ನಿಂತಿತ್ತು. ನೀವೀಗ 3000 ನಡೀತಿದ್ರೆ 5000 ಮಾಡಿ, ಆಮೇಲೆ ನೋಡೋಣ. ವಿಶ್ವ ಆರೋಗ್ಯ ಸಂಸ್ಥೆ ಹೇಳೋದು ವಾರಕ್ಕೆ 150ರಿಂದ 300 ನಿಮಿಷ ಬಿರುಸು ನಡಿಗೆಯಂಥ ವ್ಯಾಯಾಮ, ಜೊತೆಗೆ ಎರಡು ದಿನ ಶಕ್ತಿ ವ್ಯಾಯಾಮ, ಅಂದ್ರೆ ಡಂಬೆಲ್ ಥರ ಭಾರ ಎತ್ತೋದು.

ಹೊಟ್ಟೆ ಒಂದನ್ನೇ ಕರಗಿಸೋ ಎಕ್ಸರ್ಸೈಜ್ ಹೇಳಿ

ಇಲ್ಲ. ಕೊಬ್ಬು ಎಲ್ಲಿಂದ ಹೋಗ್ಬೇಕು ಅನ್ನೋದನ್ನ ದೇಹ ತೀರ್ಮಾನ ಮಾಡತ್ತೆ. ಹೊಟ್ಟೆಗೆ ಪ್ಲಾಸ್ಟಿಕ್ ಸುತ್ಕೊಂಡು ಓಡಿದ್ರೆ ಬೆವರು ಹೋಗತ್ತೆ, ಎರಡು ಲೋಟ ನೀರು ಕುಡಿದ್ರೆ ತೂಕ ಅಲ್ಲಿಗಲ್ಲಿಗೆ.

ಹೆಂಗಸರು ಡಂಬೆಲ್ ಎತ್ತಿದ್ರೆ ಗಂಡಸರ ಥರ ಆಗಲ್ವಾ?

ಆಗಲ್ಲ, ಅಂಥಾ ಹಾರ್ಮೋನ್ ಹೆಂಗಸರಲ್ಲಿ ಬಹಳ ಕಮ್ಮಿ. ನಲವತ್ತು ದಾಟಿದ ಹೆಂಗಸರು ವಾಕಿಂಗಿಗಿಂತ ಮೊದಲು ಇದನ್ನ ಶುರು ಮಾಡ್ಲಿ ಅಂತ ನನಗೆ ಆಸೆ. ಮೂಳೆಗೂ ಒಳ್ಳೇದು, ಮುಂದೆ ನೆಲದಿಂದ ಏಳೋಕೆ ಯಾರ ಕೈನೂ ಹಿಡಿಯೋ ಹಾಗಿರಲ್ಲ. ಒಂದು ವಿಷಯ ಸ್ಪಷ್ಟ ಮಾಡ್ತೀನಿ, ಸ್ನಾಯು ಬೆಳೆದ್ರೆ ಕೂತಲ್ಲೇ ನೂರಾರು ಕ್ಯಾಲೊರಿ ಉರಿಯತ್ತೆ ಅಂತ ಜಿಮ್ಮಲ್ಲಿ ಹೇಳೋದು ನಿಜ ಅಲ್ಲ, ಒಂದು ಕೆಜಿ ಸ್ನಾಯು ವಿಶ್ರಾಂತೀಲಿ ದಿನಕ್ಕೆ ಸುಮಾರು 13 ಕ್ಯಾಲೊರಿ ಖರ್ಚು ಮಾಡತ್ತೆ ಅಷ್ಟೇ. ಎತ್ತಬೇಕಾದ್ದು ಇಳಿಯೋ ತೂಕದಲ್ಲಿ ಸ್ನಾಯು ಉಳಿಯೋಕೆ. ಡಂಬೆಲ್ ಇಲ್ದಿದ್ರೆ ಕುರ್ಚಿಯಿಂದ ಕೈ ಊರದೆ ಹತ್ತು ಸಲ ಎದ್ದು ಕೂತ್ಕೊಳ್ಳಿ, ಗೋಡೆಗೆ ಕೈಯಿಟ್ಟು ಪುಷ್ ಅಪ್ ಮಾಡಿ, ನೀರು ತುಂಬಿದ ಬಾಟ್ಲಿ ಎತ್ತಿ.

ಮಂಡಿನೋವು ಇದೆ, ನಡೆಯೋಕಾಗಲ್ಲ, ನನ್ನ ಕಥೆ ಏನು?

ನಿಮಗೆ ಊಟದ ಪಾಲು ಇನ್ನೂ ಮುಖ್ಯ, ಯಾಕಂದ್ರೆ ಇಳಿದ ಒಂದೊಂದು ಕೆಜಿಯಿಂದಾನೂ ಮಂಡಿ ಮೇಲಿನ ಭಾರ ಅದಕ್ಕಿಂತ ಜಾಸ್ತಿ ಕಮ್ಮಿ ಆಗತ್ತೆ. ಸೈಕಲ್, ಈಜು, ಕೂತು ಕಾಲು ನೀಟೋ ವ್ಯಾಯಾಮ ಬಹಳ ಜನಕ್ಕೆ ಒಗ್ಗತ್ತೆ. ಯಾವುದು ಸರಿ ಅಂತ ಒಂದ್ಸಲ ಫಿಸಿಯೋಥೆರಪಿಸ್ಟ್ ಹತ್ರ ತೋರ್ಸಿ.

## ಸ್ವಲ್ಪ ಕಾಲ ಮಾಡಿದ ಮೇಲೆ ಬರೋ ಪ್ರಶ್ನೆಗಳು

ಎಂಟು ಕೆಜಿ ಇಳಿಸಿದೆ, ಈಗ ಅದೇ ಊಟ ಅದೇ ವಾಕಿಂಗ್, ತೂಕ ಕದಲ್ತಾನೇ ಇಲ್ಲ

ದೇಹ ಚಿಕ್ಕದಾದ್ರೆ ಅದರ ಖರ್ಚೂ ಚಿಕ್ಕದಾಗತ್ತೆ. ಮೇಲಿನ ಸೂತ್ರದಲ್ಲೇ ನೋಡಿ, ಎಂಟು ಕೆಜಿಗೆ 80 ಕ್ಯಾಲೊರಿ ಅಲ್ಲೇ ಹೋಯ್ತು, ನಡೆಯೋವಾಗ ಹೊರೋ ಭಾರಾನೂ ಕಮ್ಮಿ, ಅದೂ ಅಲ್ದೆ ಕಮ್ಮಿ ತಿನ್ನೋವಾಗ ಗೊತ್ತಿಲ್ದೆ ಓಡಾಟ ಕಮ್ಮಿ ಆಗಿರತ್ತೆ. ಮೊದಲು 400 ಇದ್ದ ಕೊರತೆ ಈಗ 200ಕ್ಕೋ ಅದಕ್ಕಿಂತ ಕೆಳಗೋ ಬಂದಿರತ್ತೆ. ಇನ್ನೂ ಹೊಟ್ಟೆ ಕಟ್ಟೋದಕ್ಕೆ ಹೋಗ್ಬೇಡಿ. ಒಂದು ವಾರ ಮತ್ತೆ ಬರೆದು ನೋಡಿ, ಚಮಚಗಳು ದೊಡ್ಡದಾಗಿದ್ರೆ ಸರಿ ಮಾಡಿ. ಸರಿಯಾಗೇ ಇದ್ರೆ ಎರಡು ವಾರ ಇದೇ ತೂಕ ಉಳಿಸ್ಕೊಳ್ಳೋ ಅಷ್ಟು ತಿಂದು ಸುಧಾರಿಸ್ಕೊಂಡು ಮುಂದುವರೀರಿ.

ಜಿಮ್ಮಲ್ಲಿ ಟೈಮ್ ಡಬಲ್ ಮಾಡಿದೆ, ತೂಕ ಡಬಲ್ ಇಳಿಯಲ್ಲ ಯಾಕೆ?

ಟಾಂಜಾನಿಯಾದಲ್ಲಿ ಹಾಡ್ಜಾ ಅಂತ ಬೇಟೆಯಾಡಿ ಗೆಡ್ಡೆ ಅಗೆದು ಬದುಕೋ ಜನ ಇದಾರೆ, ದಿನಾ ಮೈಲಿಗಟ್ಟಲೆ ನಡೀತಾರೆ. 2012ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅವರ ದಿನದ ಒಟ್ಟು ಖರ್ಚು ಅಳೆದ್ರು, ದೇಹದ ಗಾತ್ರ ಲೆಕ್ಕಕ್ಕೆ ತಗೊಂಡ್ರೆ ಅಮೆರಿಕ, ಯುರೋಪಿನ ಜನರಿಗಿಂತ ಜಾಸ್ತಿ ಏನೂ ಇರ್ಲಿಲ್ಲ. ವ್ಯಾಯಾಮ ಬಹಳ ಹೆಚ್ಚಾದಾಗ ದೇಹ ಬೇರೆ ಕಡೆ ಖರ್ಚು ತಗ್ಗಿಸತ್ತೆ ಅನ್ನೋದು ಇದನ್ನ ವಿವರಿಸೋ ಒಂದು ವಾದ. ಮನೇಲಿ ಆಗೋದಂತೂ ನಾನು ದಿನಾ ನೋಡ್ತೀನಿ, ಬೆಳಗ್ಗೆ ಎರಡು ಗಂಟೆ ಜಿಮ್, ಉಳಿದ ಹೊತ್ತೆಲ್ಲ ಸೋಫಾ ಮೇಲೆ, ಸಂಜೆ ಹೊಟ್ಟೆ ಹಸಿವು ತಡೆಯೋಕಾಗಲ್ಲ. ಒಂದು ಗಂಟೆ ಸಾಕು, ದಿನದ ಉಳಿದ ಹೊತ್ತು ಓಡಾಡ್ಕೊಂಡಿರಿ.

ಎರಡು ತಿಂಗಳಲ್ಲಿ ಮದುವೆ, ದಿನಕ್ಕೆ 800 ಕ್ಯಾಲೊರಿ ಡಯಟ್ ಮಾಡ್ಲಾ?

ಬೇಡ. ಅಷ್ಟು ಕಮ್ಮಿ ಊಟ ಡಾಕ್ಟರ್ ಕಣ್ಗಾವಲಲ್ಲಿ ಮಾತ್ರ ಮಾಡೋದು. ಕೂದಲು ಉದುರತ್ತೆ, ಸ್ನಾಯು ಕರಗತ್ತೆ, ವೇಗವಾಗಿ ಇಳಿಸಿದೋರಲ್ಲಿ ಪಿತ್ತಕೋಶದ ಕಲ್ಲು ಆಗೋದು ಜಾಸ್ತಿ. ಕೂದಲು ಉದುರೋದು ಎರಡು ಮೂರು ತಿಂಗಳು ಬಿಟ್ಟು ಶುರು ಆಗೋದು, ಅಂದ್ರೆ ಸರಿಯಾಗಿ ಮದುವೆ ಹೊತ್ತಿಗೆ. ಎರಡು ತಿಂಗಳಲ್ಲಿ ಮೂರು ನಾಲ್ಕು ಕೆಜಿ ಆರಾಮಾಗಿ ಇಳಿಸಬಹುದು, ರವಿಕೆ ಅಳತೆ ಕೊನೇಲಿ ಕೊಡಿ.

ಥೈರಾಯ್ಡ್ ಇದೆ, ಪಿಸಿಓಎಸ್ ಇದೆ, ನನಗೆ ಈ ಲೆಕ್ಕ ನಡಿಯತ್ತಾ?

ನಡಿಯತ್ತೆ, ಸ್ವಲ್ಪ ನಿಧಾನ ಆಗಬಹುದು. ಥೈರಾಯ್ಡ್ ಮಾತ್ರೆ ಸರಿಯಾದ ಡೋಸಲ್ಲಿದ್ದು ಟಿಎಸ್‌ಎಚ್ (ಥೈರಾಯ್ಡ್ ರಕ್ತ ಪರೀಕ್ಷೇಲಿ ಬರೋ ಅಂಕಿ) ನಾರ್ಮಲ್ ಇದ್ರೆ ತೂಕ ಇಳಿಸೋಕೆ ಅದು ದೊಡ್ಡ ಅಡ್ಡಿ ಅಲ್ಲ. ಪಿಸಿಓಎಸ್, ಅಂದ್ರೆ ಹಾರ್ಮೋನ್ ಏರುಪೇರಾಗಿ ಮುಟ್ಟು ತಪ್ಪೋ ತೊಂದ್ರೆ, ಇರೋರಿಗೆ ತೂಕದ ಐದರಿಂದ ಹತ್ತು ಪರ್ಸೆಂಟ್ ಇಳಿದ್ರೂ ಎಷ್ಟೋ ಸಲ ಮುಟ್ಟು ಸರಿ ಹೋಗತ್ತೆ. ಕಾರಣ ಇಲ್ದೆ ತೂಕ ಏರ್ತಿದ್ರೆ ಒಂದ್ಸಲ ರಕ್ತ ಪರೀಕ್ಷೆ ಮಾಡ್ಸಿ, ತಗೊಳ್ತಿರೋ ಮಾತ್ರೆಗಳ ಪಟ್ಟೀನೂ ಡಾಕ್ಟರಿಗೆ ತೋರ್ಸಿ, ಸ್ಟಿರಾಯ್ಡ್ ಥರ ತೂಕ ಏರ್ಸೋ ಮಾತ್ರೆಗಳಿದಾವೆ.

ಈಗ ಇಂಜೆಕ್ಷನ್ ಬಂದಿದ್ಯಲ್ಲ, ಮೌಂಜಾರೊ, ವೆಗೋವಿ, ಅದನ್ನೇ ತಗೊಂಡ್ರೆ ಆಯ್ತಲ್ವಾ?

ತೂಕ ಇಳಿಸೋ ಈ ಎರಡೂ ಇಂಜೆಕ್ಷನ್ 2025ರಲ್ಲಿ ನಮ್ಮ ದೇಶಕ್ಕೆ ಬಂದ್ವು, ಕೆಲಸಾನೂ ಮಾಡ್ತವೆ, ತಗೊಳ್ಳೋರನ್ನ ಸೋಮಾರಿ ಅನ್ನೋದು ತಪ್ಪು. ಯಾರಿಗೆ ಕೊಡ್ಬೇಕು ಅಂತ ಡಾಕ್ಟರ್ ತೀರ್ಮಾನ ಮಾಡ್ಲಿ. ಅವು ಹಸಿವನ್ನ ತಗ್ಗಿಸ್ತವೆ, ಹಂಗಾಗಿ ತಿನ್ನೋ ಸ್ವಲ್ಪದರಲ್ಲೇ ಪ್ರೋಟೀನ್ ಇರ್ಬೇಕು, ಭಾರ ಎತ್ತೋ ವ್ಯಾಯಾಮ ಬೇಕು, ಇಲ್ಲಾಂದ್ರೆ ಸ್ನಾಯು ಹೋಗತ್ತೆ. ವೆಗೋವೀಲಿರೋ ಸೆಮಾಗ್ಲುಟೈಡ್ ನಿಲ್ಲಿಸಿದೋರ ಮೇಲೆ ನಡೆದ ಅಧ್ಯಯನದಲ್ಲಿ ಇಳಿದ ತೂಕದ ಮೂರನೇ ಎರಡು ಭಾಗ ಒಂದು ವರ್ಷದಲ್ಲಿ ವಾಪಸ್ ಬಂದಿತ್ತು.

ಇಳಿಸಿದ್ದಾಯ್ತು, ಇದನ್ನ ಉಳಿಸ್ಕೊಳ್ಳೋದು ಹೆಂಗೆ?

ಇಲ್ಲಿ ವ್ಯಾಯಾಮದ ಪಾಲು ಜಾಸ್ತಿ ಆಗತ್ತೆ. ಅಮೆರಿಕದಲ್ಲಿ 1994ರಿಂದ ಒಂದು ಪಟ್ಟಿ ಇಟ್ಟಿದಾರೆ, ಕನಿಷ್ಠ 13.6 ಕೆಜಿ ಇಳಿಸಿ ಒಂದು ವರ್ಷವಾದ್ರೂ ಉಳಿಸ್ಕೊಂಡೋರದ್ದು. ಅವರಲ್ಲಿ ಬಹುಪಾಲು ಜನ ದಿನಕ್ಕೆ ಸುಮಾರು ಒಂದು ಗಂಟೆ ಮೈ ಆಡಿಸ್ತಾರೆ, ಹೆಚ್ಚಿನೋರು ಮಾಡೋದು ನಡಿಗೇನೇ, ಬೆಳಗಿನ ತಿಂಡಿ ಬಿಡಲ್ಲ, ವಾರಕ್ಕೊಮ್ಮೆಯಾದ್ರೂ ತೂಕ ನೋಡ್ತಾರೆ. ಊಟವನ್ನ ಒಂದೇ ಸಲ ಹಳೇ ಅಳತೆಗೆ ತರ್ಬೇಡಿ, ಎರಡು ವಾರಕ್ಕೊಮ್ಮೆ ನೂರು ಕ್ಯಾಲೊರಿ ಸೇರಿಸ್ತಾ ಹೋಗಿ, ತೂಕ ನಿಂತಲ್ಲಿ ನಿಲ್ಲಿಸಿ. ಹಬ್ಬಕ್ಕೆ ಹೋಳಿಗೆ ತುಪ್ಪ ತಿನ್ನಿ, ಮದುವೆ ಊಟ ಮಾಡಿ, ಮಾರನೇ ದಿನ ಉಪವಾಸ ಕೂರದೆ ಮಾಮೂಲಿ ಅಳತೆಗೆ ಬನ್ನಿ. ಎರಡು ಕೆಜಿ ಏರಿ ಎರಡು ವಾರ ಅಲ್ಲೇ ಇದ್ರೆ ಆಗ ಪುಸ್ತಕ ತೆಗೆದು ಮತ್ತೆ ಬರೆಯೋಕೆ ಶುರು ಮಾಡಿ. ಎರಡು ಕೆಜಿ ಇಳಿಸೋದು ಒಂದೂವರೆ ತಿಂಗಳ ಕೆಲಸ, ಹತ್ತಾಗೋವರೆಗೂ ಕಾಯ್ಬೇಡಿ.